ಕುಪ್ಪಯ್ಯ ಎಂಬ ಬೆಂಡು

ನಾನು ದಿನಕ್ಕೆ ನೂರು ಸಲ ನನ್ನ ಮಾವನ ಹೆಸರು ಹಿಡಿದು ಕರೆಯುತ್ತಿದ್ದೆ. ಅದಕ್ಕೆ ನನಗೆ ಸಂಬಳವೂ ಬರುತ್ತಿತ್ತು. ನಮ್ಮತ್ತೆ ಬಚ್ಚಮ್ಮನಿಗೆ ಮಾತ್ರ ಇದು ಸುತಾರಾಂ ಹಿಡಿಸುತ್ತಿರಲಿಲ್ಲ.

“ಮಾವನ್ ಹೆಸ್ರ್ ಹಿಡ್ದ್ ಕರೂಕೆ ನಾಲ್ಗಿ ಹ್ಯಾಂಗ್ ಬತ್ತ್ ಹೆಣೆ ನಿಂಗೆ?” ಎಂದು ಬೆಳಿಗ್ಗೆ ಗಂಜಿ ಬಡಿಸುವಾಗಲೇ ಶುರು ಮಾಡುತ್ತಿದ್ದರು.

“ನಾ ಮಾವನ್ನ ಕರೂದಲ್ಲ ಅತ್ತೆ, ಬೆಂಡನ್ನ ಕರೂದ್.”

“ಬೆಂಡಿಗ್ ಇಟ್ಟದ್ದ್ ಯಾರ್ ಹೆಸ್ರ್? ನಿನ್ ಅಪ್ಪಯ್ಯನ್ದಾ?”

ಬೈದು ಮುಗಿಸಿದ ಮೇಲೆ ಅವರೇ ದನಿ ತಗ್ಗಿಸಿ ಕೇಳುತ್ತಿದ್ದರು, “ಇವ್ರ್ ಇವತ್ತ್ ಎಲ್ಲಿದ್ರ್?” ಲಕ್ಷದ್ವೀಪದ ಹತ್ತಿರ ಎಂದೋ, ಗೋವೆಯ ನೇರಕ್ಕೆ ಎಂದೋ ನಾನು ಹೇಳಿದರೆ, “ಹೌದಾ, ಅಲ್ ಚಳಿ ಇಲ್ಲೆ ಅಲ್ದಾ?” ಎನ್ನುತ್ತಿದ್ದರು. ಅರವತ್ತು ವರ್ಷದ ಹಿಂದೆ ಮದುವೆಯಾದ ಹೆಂಗಸು. ಗಂಡ ಕಡಲಿಗೆ ಹೋದವರು ತಿರುಗಿ ಬಾರದೆ ಮೂವತ್ತೈದು ವರ್ಷವಾಗಿತ್ತು. ಬದುಕಿದ್ದಾಗಲೂ, ಹೋದ ಮೇಲೂ, ಒಂದೇ ಒಂದು ಸಲ ಅವರ ಹೆಸರನ್ನು ಬಾಯಲ್ಲಿ ಹೇಳಿದವರಲ್ಲ. ನಾನಾದರೋ ಗಂಡನ ಹೆಸರನ್ನೂ ಹೇಳುತ್ತೇನೆ, ಬರೆಯುತ್ತೇನೆ ಕೂಡ. ಮಹಾಬಲ. ನೋಡಿ, ಏನೂ ಆಗಲಿಲ್ಲ.

ಬೆಂಡು ಎಂದರೆ ಏನೆಂದು ಹೇಳಿಬಿಡುತ್ತೇನೆ. ಬಲೆ ಮುಳುಗದ ಹಾಗೆ ಅಂಚಿಗೆ ಕಟ್ಟುವ ತೇಲುಗುಂಡಿಗೆ ನಮ್ಮ ಕಡೆ ಬೆಂಡು ಎನ್ನುತ್ತಾರೆ. ಕಡಲನ್ನು ಅಳೆಯಲು ವಿಜ್ಞಾನಿಗಳು ಬಿಟ್ಟ ಯಂತ್ರಕ್ಕೆ ಇಂಗ್ಲಿಷಿನಲ್ಲಿ ಮಾರುದ್ದದ ಹೆಸರಿತ್ತು. ನಮ್ಮ ಜನ ಅದನ್ನು ನೋಡಿದ ದಿನವೇ ಬೆಂಡು ಎಂದರು, ಮುಗಿಯಿತು. ಒಂದು ಕೊಡಪಾನದಷ್ಟು ಗಾತ್ರ. ತಾನಾಗಿ ಎರಡು ಸಾವಿರ ಮೀಟರ್ ಆಳಕ್ಕೆ ಇಳಿಯುತ್ತದೆ, ಹತ್ತು ದಿನ ನೀರು ಎಳೆದತ್ತ ಹೋಗುತ್ತದೆ, ಆಮೇಲೆ ಮೇಲೆ ಬಂದು ತಾನು ಕಂಡ ಬಿಸಿ, ಉಪ್ಪು, ಕೇಳಿದ ಸದ್ದು ಎಲ್ಲವನ್ನೂ ದಡಕ್ಕೆ ಹೇಳಿ ಮತ್ತೆ ಮುಳುಗುತ್ತದೆ. ಬ್ಯಾಟರಿ ಬದಲಿಸುವ ರಗಳೆಯಿಲ್ಲ. ಮೇಲಿನ ನೀರು ಬೆಚ್ಚಗೆ, ಕೆಳಗಿನ ನೀರು ತಣ್ಣಗೆ. ಆ ವ್ಯತ್ಯಾಸದಿಂದಲೇ ಅದಕ್ಕೆ ಬೇಕಾದ ವಿದ್ಯುತ್ತು ಹುಟ್ಟುತ್ತದೆ. ಮೇಲೆ ಬಂದ ಬೆಂಡುಗಳು ಒಂದರ ಮಾತನ್ನು ಇನ್ನೊಂದು ಹೊತ್ತು ದಡದವರೆಗೆ ಮುಟ್ಟಿಸುತ್ತವೆ. ಹತ್ತಿರದ ಬೋಟುಗಳ ಕೂಗನ್ನೂ ಹೊರುತ್ತವೆ. ಹಾಗೆ ಕೂಗು ಹೊತ್ತ ಬೆಂಡು, ‘ಕೇಳಿತು’ ಎಂದು ದಡದಿಂದ ಮಾತು ಬರುವವರೆಗೆ ಮುಳುಗುವುದಿಲ್ಲ. ಅದನ್ನು ಮಾಡಿದ ಪುಣ್ಯಾತ್ಮರು ಹಾಗೊಂದು ನಿಯಮ ಅದರ ಹೊಟ್ಟೆಯಲ್ಲಿ ಬರೆದಿದ್ದರು.

ಮೊದಲ ಬೆಂಡುಗಳಿಗೆ ಹೆಸರಿಡುವ ಕೆಲಸವನ್ನು ಮೀನುಗಾರರ ಮನೆಗಳಿಗೇ ಕೊಟ್ಟರು. ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಕಡಲಿನಿಂದ ಬಾರದವರ ಹೆಸರುಗಳನ್ನೇ ಇಟ್ಟರು. ನಮ್ಮ ಮನೆಯ ಪಾಲಿನ ಬೆಂಡನ್ನು ಹೊಳೆ ಕಡಲು ಸೇರುವ ಗಂಗೊಳ್ಳಿಯ ಅಳಿವೆ ದಾಟಿಸಿ ಬಿಟ್ಟ ದಿನ ಮನೆಯವರ ದನಿಗಳನ್ನೆಲ್ಲ ದಾಖಲೆಗೆ ಹಿಡಿದುಕೊಂಡರು. ಮಹಾಬಲ ಮೈಕಿನ ಮುಂದೆ ನಿಂತು “ಕುಪ್ಪಯ್ಯ” ಎಂದರು. ಅತ್ತೆ ಮಾತ್ರ “ಇವ್ರ್ದೇ ಹೆಸ್ರ್” ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಅದು ನಡೆದು ಹತ್ತೊಂಬತ್ತು ವರ್ಷ.

ನಾನು ಕೆಲಸ ಮಾಡುವುದು ‘ಕಡಲ ಕಿವಿ’ ಎಂಬ ಕೇಂದ್ರದಲ್ಲಿ. ಊರಿನವರು ಕಿವಿ ಆಫೀಸು ಎನ್ನುತ್ತಾರೆ. ಅಲ್ಲಿ ನನ್ನ ಪಾಲಿಗೆ ಬಂದದ್ದು ಹೆಸರುಗಳ ಪಟ್ಟಿ. ಈ ಕೆಲಸ ಅರ್ಥವಾಗಬೇಕಾದರೆ ಯಕ್ಷಗಾನದ ಮೇಳವನ್ನು ನೆನಪಿಸಿಕೊಳ್ಳಿ. ಮೇಳ ಇವತ್ತು ಒಂದು ಊರಿನ ಗದ್ದೆಯಲ್ಲಿ, ನಾಳೆ ಇನ್ನೊಂದು ಊರಿನ ಶಾಲೆ ಬಯಲಿನಲ್ಲಿ. ಭಾಗವತರನ್ನು ಕಾಣಬೇಕಾದವರು ಪತ್ರಿಕೆಯಲ್ಲಿ ‘ಇಂದಿನ ಆಟ’ ನೋಡುತ್ತಾರೆ. ಮೇಳದ ಹೆಸರಿನ ಮುಂದೆ ಆ ದಿನದ ಊರು ಇರುತ್ತದೆ. ಬೆಂಡುಗಳೂ ಹಾಗೇ. ಮೇಲೆ ಬಂದ ಬೆಂಡಿಗೆ ಆ ಹೊತ್ತಿಗೆ ಖಾಲಿಯಿರುವ ಒಂದು ವಿಳಾಸ ಕೊಡುವ ಯಂತ್ರ ಡಿಎಚ್‌ಸಿಪಿ. ಯಾವ ಹೆಸರಿನವರು ಈಗ ಯಾವ ವಿಳಾಸದಲ್ಲಿದ್ದಾರೆ ಎಂಬ ಪಟ್ಟಿ ಇಟ್ಟುಕೊಂಡ ಯಂತ್ರ ಡಿಎನ್‌ಎಸ್. ಪತ್ರಿಕೆಯ ಪಟ್ಟಿ ತಪ್ಪಿದರೆ ನೀವು ಖಾಲಿ ಗದ್ದೆಗೆ ಹೋಗಿ ನಿಲ್ಲುತ್ತೀರಿ. ಡಿಎನ್‌ಎಸ್ ತಪ್ಪಿದರೆ ನಮ್ಮ ಮಾತು ಖಾಲಿ ಕಡಲಿಗೆ ಹೋಗುತ್ತದೆ.

ಬೆಂಡುಗಳು ನಾನೂರಿದ್ದಾಗ ನಾವು ನಾಲ್ಕು ಜನ ಕೂತು ಈ ಪಟ್ಟಿಯನ್ನು ಕೈಯಲ್ಲೇ ತಿದ್ದುತ್ತಿದ್ದೆವು. ನಲವತ್ತು ಸಾವಿರವಾದಾಗ ನಮ್ಮ ಬೆರಳು ಸೋತವು. ಆಗ ನಾನೇ ಮುಂದೆ ನಿಂತು, ವಿಳಾಸ ಕೊಡುವ ಯಂತ್ರವೇ ಆ ಕ್ಷಣದಲ್ಲಿ ಹೆಸರಿನ ಪಟ್ಟಿಯನ್ನೂ ತಿದ್ದುವ ಏರ್ಪಾಡು ಮಾಡಿದೆ. ಎರಡು ಯಂತ್ರಗಳಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಕೀಲಿ ಕೊಟ್ಟೆ, ನಡುವೆ ಬೇರೆ ಯಾರೂ ಬಂದು ಪಟ್ಟಿ ಕೆಡಿಸಬಾರದಲ್ಲ. ಜೊತೆಗೆ ಇನ್ನೊಂದು ಜಾಣತನ ಮಾಡಿದೆ. ಪ್ರತಿ ಹೆಸರಿನ ಪಕ್ಕ ಆ ಹೆಸರು ಹಿಡಿದ ಬೆಂಡಿನ ಗುರುತಿನ ಮುದ್ರೆ ಒತ್ತಿಸಿದೆ. ಅದೇ ಹೆಸರು ಹೇಳಿಕೊಂಡು ಮತ್ತೊಬ್ಬ ಬಂದರೆ ಯಂತ್ರ ವಿಳಾಸ ಕೊಡುತ್ತದೆ, ಹೆಸರು ಕೊಡುವುದಿಲ್ಲ. ಹೆಸರಿಲ್ಲದವನ ಮಾತನ್ನು ಕೇಂದ್ರ ಕೇಳುವುದಿಲ್ಲ. ಇದನ್ನೆಲ್ಲ ಮಾಡಿ ಮುಗಿಸಿದ ದಿನ ನನಗೆ ನೆಲವೇ ಕಾಣುತ್ತಿರಲಿಲ್ಲ, ಅಷ್ಟು ಬೀಗಿದ್ದೆ.

ತಪ್ಪಾದದ್ದು ಅದಕ್ಕೂ ಒಂದು ವರ್ಷ ಮೊದಲು. ಬಿಟ್ಟು ಏಳು ವರ್ಷವಾದಾಗ ನಮ್ಮ ಕುಪ್ಪಯ್ಯ ಬೆಂಡು ಮಾತು ನಿಲ್ಲಿಸಿತ್ತು. ಮಡಗಾಸ್ಕರಿನ ತೆಂಕಣಕ್ಕೆ ಎಲ್ಲೋ ಕೊನೆಯ ಸಲ ಮೇಲೆ ಬಂದದ್ದು, ಆಮೇಲೆ ಸುದ್ದಿಯಿಲ್ಲ. ಒಂದು ವರ್ಷ ಕಾದು, ಸತ್ತಿದೆ ಎಂದು ಬರೆದೆವು. ಅತ್ತೆಗೆ ಹೇಳಿದಾಗ ಅವರು ಅಳಲಿಲ್ಲ. “ಹೊಸ್ತ್ ಯಾವಾಗ್ ಬಿಡ್ತ್ರಿ? ಅದ್ಕೂ ಇವ್ರ್ ಹೆಸ್ರೇ ಇಡ್ಕ್” ಎಂದರು. ನಮ್ಮಲ್ಲಿ ಹಿರಿಯರು ಹೋದ ಮೇಲೆ ಹುಟ್ಟಿದ ಮಗುವಿಗೆ ಅವರ ಹೆಸರೇ. ಅದರಲ್ಲಿ ತಪ್ಪೇನಿದೆ? ಒಮ್ಮೆ ಇಟ್ಟ ಹೆಸರನ್ನು ಮತ್ತೆ ಇಡಬಾರದು ಎಂದು ಕೇಂದ್ರದ ನಿಯಮ ಹೇಳುತ್ತಿತ್ತು. ನಾನು ಜಗಳವಾಡಿ ಆ ನಿಯಮ ತೆಗೆಸಿದೆ. ಊರಿನ ಎಲ್ಲ ಮನೆಯವರೂ ಹಾಗೇ ಮಾಡಿದರು. ಕುಪ್ಪಯ್ಯನ ಜಾಗಕ್ಕೆ ಕುಪ್ಪಯ್ಯ ಬಂದ, ಮರುವರ್ಷ ಒತ್ತಿದ ಮುದ್ರೆ ಹೊಸಬನದಾಯಿತು.

ಕೆಲವು ಸಲ ಸತ್ತವೆಂದು ಕೈಬಿಟ್ಟ ಹಳೆಯ ಬೆಂಡುಗಳು ದಡದ ಹತ್ತಿರ ಅರೆಜೀವದಲ್ಲಿ ಎದ್ದು ಹೆಸರು ಕೇಳುತ್ತಿದ್ದವು. ದಾಖಲೆಯಲ್ಲಿ ‘ಹೆಸರು ನಿರಾಕರಿಸಿದೆ, ಹೆಸರು ನಿರಾಕರಿಸಿದೆ’ ಎಂದು ದಿನಕ್ಕೆ ಸಾವಿರ ಸಾಲು ಬರುತ್ತಿತ್ತು. ನೋಡಿ ನೋಡಿ ತಲೆ ಕೆಟ್ಟು, ಆ ಸಾಲುಗಳು ಪರದೆಯ ಮೇಲೆ ಕಾಣಿಸದ ಹಾಗೆ ಮರೆಮಾಡಿದೆ. ಅದನ್ನೂ ನಾನೇ ಮಾಡಿದ್ದು.

ಈ ವರ್ಷ ಆಯುಧಪೂಜೆ ಮುಗಿದ ಮರುದಿನ ಮಹಾಬಲ ಆರು ಜನರನ್ನು ಕರೆದುಕೊಂಡು ‘ಮಾಸ್ತಿಯಮ್ಮ’ ಬೋಟಿನಲ್ಲಿ ಆಳಸಮುದ್ರಕ್ಕೆ ಹೋದರು. ಅವರೇ ತಾಂಡೇಲರು, ಎಂದರೆ ಬೋಟು ನಡೆಸುವವರು. ಐದನೆಯ ದಿನ ತೂಫಾನೆದ್ದಿತು. ಎಚ್ಚರಿಕೆ ಮೊದಲೇ ಹೋಗಿತ್ತು, ಮುನ್ನೂರು ಬೋಟು ದಡಕ್ಕೆ ಬಂದವು. ಮೂರು ಬರಲಿಲ್ಲ. ಗಾಳಿ ಇಳಿದ ಮೇಲೆ ಎರಡು ಸಿಕ್ಕವು. ಸಿಗದೆ ಉಳಿದದ್ದು ಒಂದೇ, ನಮ್ಮದು.

ಮೂರು ದಿನ ಹುಡುಕಿದರು. ಗಾಳಿ ಬಡಗಣಕ್ಕೆ ಬೀಸಿದ್ದರಿಂದ ವಿಮಾನಗಳೂ ಬಡಗಣಕ್ಕೇ ಹೋದವು. ಮನೆಯಲ್ಲಿ ಅತ್ತೆ ಮೂರು ಹೊತ್ತೂ ಅಡುಗೆ ಮಾಡುತ್ತಿದ್ದರು, ಮೂರು ಹೊತ್ತೂ ಮಹಾಬಲನ ಬಟ್ಟಲು ತೊಳೆದು ಇಡುತ್ತಿದ್ದರು. ತಾವು ಉಣ್ಣಲಿಲ್ಲ. ಕೇರಿಯ ಹೆಂಗಸರು ಬಂದು ಜಗಲಿಯಲ್ಲಿ ಕೂತು ಹೋಗುತ್ತಿದ್ದರು. ಉಳಿದ ಆರು ಮನೆಗಳಲ್ಲೂ ಹೀಗೇ ಇತ್ತು.

“ಇವ್ರ್ ಎಲ್ಲಿದ್ರ್ ಈಗ?” ಎಂದು ಮೂರನೆಯ ದಿನ ಬೆಳಿಗ್ಗೆ ಕೇಳಿದರು.

“ಲಕ್ಷದ್ವೀಪದ್ ಹತ್ರ ಅತ್ತೆ. ಅಲ್ಲಿಂದ ನಮ್ಮ ಬೋಟ್ ಕಾಂತಿಲ್ಲೆ.”

“ಮಗ ಮುಳುಗ್ತಾ ಇದ್ದ. ಇವ್ರ್ ಅಲ್ ಎಂತ ಮಾಡ್ತಾ ಇದ್ರ್?” ಎಂದು ಮೊದಲ ಸಲ ಗಂಡನ ಮೇಲೆ ಸಿಟ್ಟಾದರು. ನನಗೆ ಅಳು ತಡೆಯಲಿಲ್ಲ. ಚಪ್ಪಲಿ ಸಿಕ್ಕಿಸಿಕೊಂಡು ಕೇಂದ್ರಕ್ಕೆ ಹೊರಟುಬಿಟ್ಟೆ.

ಕೇಂದ್ರದಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರಾದ ನಮ್ಮ ಮುಖ್ಯಸ್ಥ ಹೆಬ್ಬಾರರು ನಕ್ಷೆಯ ಮುಂದೆ ನಿಂತಿದ್ದರು. “ಜಲಜಕ್ಕ, ನೀವು ಮನೆಯಲ್ಲಿರಿ ಅಂತ ಹೇಳಿದ್ದೆನಲ್ಲ” ಎಂದರು.

“ಮನೆಯಲ್ಲಿ ಕೂತು ಎಂತ ಮಾಡ್ಲಿ ಸರ್? ಗೋಡೆ ನೋಡುದಾ?”

ನಾನು ನನ್ನ ಮೇಜಿನಲ್ಲಿ ಕೂತೆ. ಮಾಡಲು ಏನೂ ಕೆಲಸವಿರಲಿಲ್ಲ. ಇದ್ದಬದ್ದ ದಾಖಲೆಗಳನ್ನೆಲ್ಲ ತೆರೆದು ನೋಡಿದೆ. ಕೊನೆಗೆ ಹತ್ತು ವರ್ಷದಿಂದ ಮರೆಮಾಡಿಟ್ಟಿದ್ದ ಆ ಸಾಲುಗಳನ್ನೂ ತೆರೆದೆ. ಪರದೆಯ ತುಂಬ ಒಂದೇ ಸಾಲು.

‘ವಿಳಾಸ ನೀಡಿದೆ. ಹೆಸರು ನಿರಾಕರಿಸಿದೆ: ಕುಪ್ಪಯ್ಯ. ಕಾರಣ: ಈ ಹೆಸರು ಬೇರೆಯವರದು.’

ಹತ್ತು ನಿಮಿಷಕ್ಕೊಮ್ಮೆ ಅದೇ ಸಾಲು. ಹಿಂದಕ್ಕೆ ಹೋದೆ, ಹೋದೆ. ಮೂರು ದಿನದಿಂದ ಒಂದೇ ಸಮನೆ ಬಡಿಯುತ್ತಿದೆ. ಲಕ್ಷದ್ವೀಪದ ಕುಪ್ಪಯ್ಯ ತನ್ನ ಹೆಸರಿನಲ್ಲಿ ಹಾಯಾಗಿ ಮಾತಾಡುತ್ತಿದ್ದಾನೆ. ಹಾಗಾದರೆ ಇವನು ಯಾರು? ಸಾಲಿನ ಕೊನೆಯಲ್ಲಿದ್ದ ಹುಟ್ಟುಸಂಖ್ಯೆಯನ್ನು ಓದಿದೆ. ನಾಲ್ಕು ಸೊನ್ನೆ, ಎರಡು, ಒಂದು, ಏಳು. ಆ ಸಂಖ್ಯೆಯನ್ನು ಹತ್ತೊಂಬತ್ತು ವರ್ಷದ ಹಿಂದೆ ಬೆಂಡಿನ ಹೊಟ್ಟೆಯ ಮೇಲೆ ನಾನೇ ಬಣ್ಣದಲ್ಲಿ ಬರೆದಿದ್ದೆ. ಅತ್ತೆ ಅದಕ್ಕೆ ಕುಂಕುಮ ಹಚ್ಚಿದ್ದರು.

“ಸರ್,” ಎಂದೆ. “ಸರ್, ಹಳೇ ಕುಪ್ಪಯ್ಯ ಬಂದಿದ್ದಾರೆ.”

ಹೆಬ್ಬಾರರು ಬಂದು ನೋಡಿದರು. “ಹನ್ನೆರಡು ವರ್ಷ ಜಲಜಕ್ಕ... ಎಲ್ಲಿತ್ತು ಇದು?” ಎಂದರು.

ನಾನು ಸಾಲಿನ ನಡುವಿನ ಒಂದು ಸಣ್ಣ ಗುರುತಿನ ಮೇಲೆ ಬೆರಳಿಟ್ಟೆ. ಬೆಂಡು ಯಾರದೋ ಕೂಗು ಹೊತ್ತಿದ್ದರೆ ಮಾತ್ರ ಬರುವ ಗುರುತು ಅದು. ಆ ಕೂಗಿಗಾಗಿಯೇ ಅದು ಮುಳುಗದೆ ಮೂರು ದಿನದಿಂದ ಅಲೆಗಳ ಮೇಲೆ ಕೂತಿದೆ, ನಮ್ಮ ಬಾಗಿಲು ಬಡಿಯುತ್ತಿದೆ. ನಾನು ಕಟ್ಟಿದ ಯಂತ್ರ ಪ್ರತಿ ಸಲವೂ ‘ನೀನು ಕುಪ್ಪಯ್ಯನಲ್ಲ’ ಎಂದು ಹೇಳಿ ಕಳಿಸುತ್ತಿದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ನಾನು ಮಾಡಿದ್ದನ್ನು ಏಳು ಜನ ಉಣ್ಣುತ್ತಿದ್ದರು.

“ವಿಳಾಸ ಇದೆಯಲ್ಲ, ನೇರವಾಗಿ ಅಲ್ಲಿಗೇ ಕೂಗಿ” ಎಂದರು ಹೆಬ್ಬಾರರು.

ಕೂಗಿ ನೋಡಿದೆ. ಅದರ ಮತ್ತು ನಮ್ಮ ನಡುವೆ ಹನ್ನೊಂದು ಬೆಂಡುಗಳ ಸರಪಳಿ, ಎಲ್ಲವೂ ಅಲೆಯ ಮೇಲೆ ತೇಲುವಂಥವು. ಒಂದು ಸರಿದರೆ ಸಾಕು, ವಿಳಾಸ ಬದಲು. ನಮ್ಮ ಮಾತು ಅಲ್ಲಿಗೆ ಮುಟ್ಟುವಷ್ಟರಲ್ಲಿ ಆ ವಿಳಾಸದಲ್ಲಿ ಬೇರೆ ಯಾರೋ ಇರುತ್ತಿದ್ದರು. ಐದು ಸಲ ಕೂಗಿದೆ, ಐದು ಸಲವೂ ಹಾಗೇ ಆಯಿತು. ಆ ನೀರಿನ ಬಯಲಿನಲ್ಲಿ ಜಾಗ ಬದಲಾಗದೆ ನಿಲ್ಲುವುದು ಹೆಸರೊಂದೇ.

ಹೆಸರನ್ನು ಹಳಬನಿಗೆ ಕೊಡಬೇಕಾದರೆ ಹೊಸಬನ ಮುದ್ರೆ ಒಡೆಯಬೇಕು. ಅದಕ್ಕೆ ನಿಯಮವಿತ್ತು: ಹೆಸರಿಟ್ಟ ಮನೆಯವರೊಬ್ಬರು ಬಂದು ಮೈಕಿನ ಮುಂದೆ ಆ ಹೆಸರನ್ನು ಸ್ವತಃ ಹೇಳಬೇಕು. ದಾಖಲೆಯಲ್ಲಿರುವ ದನಿಗೆ ದನಿ ಹೊಂದಬೇಕು. ಕೇಂದ್ರದಲ್ಲಿ ಕೆಲಸ ಮಾಡುವ ನನ್ನ ದನಿ ನಡೆಯುವುದಿಲ್ಲ. ಮಹಾಬಲ ಕಡಲಿನಲ್ಲಿದ್ದಾರೆ. ಮೇಲಿನ ಕಚೇರಿಯಿಂದ ವಿಶೇಷ ಅನುಮತಿ ತರಿಸಲು ಎರಡು ದಿನ ಬೇಕು ಎಂದು ಫೋನಿನಲ್ಲಿ ಹೇಳಿದರು.

“ಇನ್ಯಾರಿದ್ದಾರೆ ಮನೆಯಲ್ಲಿ?” ಎಂದು ಹೆಬ್ಬಾರರು ಕೇಳಿದರು.

ನಾನು ಸ್ಕೂಟರಿನ ಕೀ ತೆಗೆದುಕೊಂಡೆ.

ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಕೂಗಿ ಕೂಗಿ ಎಲ್ಲ ಹೇಳಿದೆ. ಬಂದವರೇ ಮೈಕಿನ ಮುಂದೆ ಕೂತರು. ಮುಖ ಮರದ ಹಾಗಿತ್ತು.

“ನಂಗೆ ಆತಿಲ್ಲೆ” ಎಂದರು.

“ಅತ್ತೆ, ನಿಮ್ಮ ಕಾಲ್ ಹಿಡ್ಕಂತೆ. ಒಂದೇ ಸಲ.”

“ನೀ ಹೇಳ್. ನೀ ದಿನಾ ಹೇಳ್ತ್ಯಲ್ದಾ?”

“ನನ್ನ ದನಿ ತಕಂತಿಲ್ಲೆ ಅದ್. ನಿಮ್ದೇ ಆಯ್ಕ್.”

ಹೆಬ್ಬಾರರು ಮೊಣಕಾಲೂರಿ ಅವರ ಪಕ್ಕ ಕೂತರು. “ಅಮ್ಮಾ, ಹೆಸರು ಹೇಳಿದರೆ ಯಜಮಾನರ ಆಯಸ್ಸು ಕಡಿಮೆಯಾಗ್ತದೆ ಅಂತ ಹಿಂದಿನವರು ಹೇಳ್ತಿದ್ದರು. ಈಗ ಅವರೇ ಇಲ್ವಲ್ಲ. ಹೆದರಿಕೆ ಎಂತಕ್ಕೆ?”

ಅತ್ತೆ ಅವರ ಮುಖವನ್ನು ಚೂರೂ ಕೋಪವಿಲ್ಲದೆ ನೋಡಿದರು. “ಹೆದ್ರಿಕಿ ಅಲ್ಲ ಮಗಾ. ಅವ್ರ್ ಹೋದ್ ದಿನ ಬೆಳಿಗ್ಗೆ ಬುತ್ತಿ ಮರ್ತ್ ಬಿಟ್ಟ್ ಹೋದ್ರ್. ನಾ ಬುತ್ತಿ ಹಿಡ್ಕಂಡ್ ದಡಕ್ ಓಡ್ದೆ. ದೋಣಿ ಅಷ್ಟ್ ದೂರ ಇತ್ತ್, ಕೂಗ್ರೆ ಕೇಂಬಷ್ಟ್ ದೂರ. ಹೆಸ್ರ್ ಹಿಡ್ದ್ ಕರೂಕಾಗ ಅಲ್ದಾ? ‘ಹ್ವಾಯ್’ ಅಂದೆ. ‘ಹ್ವಾಯ್, ಹ್ವಾಯ್’ ಅಂದೆ. ದೋಣಿಯೊಳ್ಗ್ ಇದ್ದೋರೆಲ್ಲ ಬೇರೆ ಯಾರನ್ನೋ ಕರೂದ್ ಅಂದ್ಕಂಡ್ರ್. ತಿರ್ಗಿ ಕಾಣ್ಲಿಲ್ಲ. ಹಸ್ಕಂಡೇ ಹೋದ್ರ್. ಆವತ್ತ್ ಕರೀದಿದ್ದ್ ಹೆಸ್ರ್ ಇವತ್ತ್ ಯಾವ್ ಮೋರೆಲ್ ಕರೀಲಿ ನಾನ್?”

ಇಪ್ಪತ್ತೈದು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಂಡ ನನಗೂ ಅವರು ಇದನ್ನು ಹೇಳಿರಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ.

“ಅತ್ತೆ,” ಎಂದೆ, “ಆ ದೋಣಿ ತಿರ್ಗಿ ಬಂದಿತ್ತ್. ಮೂರ್ ದಿನದಿಂದ ಅಲ್ಲೇ ನಿಂತಿತ್ತ್. ಕೂಗ್ರೆ ಕೇಂಬಷ್ಟೇ ದೂರ ಇತ್ತ್.”

ಅವರು ಎದ್ದು ನಿಂತರು. ಕೂತು ಕರೆಯುವುದು ಸರಿಯಲ್ಲ ಎನಿಸಿತೋ ಏನೋ. ಸೆರಗು ಹೊದ್ದು ಸರಿಮಾಡಿಕೊಂಡರು. ಮೈಕಿಗೆ ಅಷ್ಟು ಗಟ್ಟಿಯಾಗಿ ಹೇಳಬೇಕಿರಲಿಲ್ಲ. ಆದರೆ ಅವರು ಕರೆದದ್ದು ಮೈಕನ್ನಲ್ಲ.

“ಕುಪ್ಪಯ್ಯಾ!”

ಕಿಟಕಿಯ ಗಾಜು ಝುಮ್ಮೆಂದಿತು. ಹೊರಗೆ ಬಲೆ ಹೆಣೆಯುತ್ತಿದ್ದವರು ತಲೆಯೆತ್ತಿ ನೋಡಿದರಂತೆ. ಪರದೆಯ ಮೇಲೆ ‘ದನಿ ಹೊಂದಿದೆ’ ಎಂದು ಬಂತು. ನಾನು ಹೊಸಬನ ಮುದ್ರೆ ಒಡೆದೆ. ಇನ್ನು ಹಳಬ ಮತ್ತೊಮ್ಮೆ ಬಾಗಿಲು ಬಡಿಯುವವರೆಗೆ ಕಾಯಬೇಕು. ಆರು ನಿಮಿಷ ಉಳಿದಿತ್ತು. ಆ ಆರು ನಿಮಿಷ ಅತ್ತೆ ನಿಂತೇ ಇದ್ದರು.

ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ ಸಾಲು ಬಂತು.

‘ವಿಳಾಸ ನೀಡಿದೆ. ಹೆಸರು ಸೇರಿಸಿದೆ: ಕುಪ್ಪಯ್ಯ.’

ನಾನು ಆ ಹೆಸರನ್ನು ಕರೆದೆ. ಹನ್ನೊಂದು ಬೆಂಡುಗಳ ಬೆನ್ನ ಮೇಲೆ ಹಾದು ನಮ್ಮ ಕರೆ ಹೋಯಿತು. ಉತ್ತರವಾಗಿ ಮೊದಲು ಬರೀ ಗಾಳಿಯ ಸದ್ದು ಬಂತು, ಆಮೇಲೆ ಮನುಷ್ಯನ ದನಿ. ನನ್ನ ಗಂಡನ ದನಿ. “ಮಾಸ್ತಿಯಮ್ಮ ಬೋಟ್. ಏಳ್ ಜನ ಇದ್ದೊ. ಇಂಜಿನ್ ಹೋಯ್ತ್, ಅಡಿಯಿಂದ ನೀರ್ ಬತ್ತಾ ಇತ್ತ್. ಯಾರಾರೂ ಕೇಂಡ್ರೆ ಹೇಳಿ...” ಅದರ ಹಿಂದೆಯೇ ಜಾಗದ ಲೆಕ್ಕ. ವಿಮಾನಗಳು ಹುಡುಕುತ್ತಿದ್ದ ಕಡೆಗೆ ಪೂರ್ತಿ ಬೆನ್ನು ಹಾಕಿದ ದಿಕ್ಕು, ಅಲ್ಲಿಂದ ತೆಂಕಣ ಪಡುವಣಕ್ಕೆ ನಾನೂರು ಕಿಲೋಮೀಟರ್. ಗಾಳಿ ಬಡಗಣಕ್ಕೆ ಬೀಸಿದರೂ ಅಡಿಯ ನೀರು ಬೋಟನ್ನು ಅತ್ತ ಎಳೆದಿತ್ತು.

ಹೆಬ್ಬಾರರು ಆಗಲೇ ಫೋನಿನಲ್ಲಿ ಕಿರುಚುತ್ತಿದ್ದರು. ಅತ್ತೆ ಮಗನ ದನಿ ಕೇಳಿ ಕುರ್ಚಿಯಲ್ಲಿ ಕುಸಿದು, “ಬದ್ಕಿದ್ದ, ಬದ್ಕಿದ್ದ” ಎಂದು ಎರಡೂ ಕೈಯಿಂದ ತೊಡೆ ಬಡಿದುಕೊಂಡು ಅತ್ತರು. ಮಧ್ಯಾಹ್ನ ಮೂರು ಗಂಟೆಗೆ ಹೆಲಿಕಾಪ್ಟರಿನವರಿಂದ ಸುದ್ದಿ ಬಂತು. ಏಳೂ ಜನ ಸಿಕ್ಕಿದರು. ಬೋಟು ಅರ್ಧ ಮುಳುಗಿತ್ತು. ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ ಎಂದರಂತೆ.

ನಾನು ಹಳಬನಿಗೆ ‘ಕೇಳಿತು’ ಎಂದು ಕಳಿಸಿದೆ. ಇನ್ನು ಅದು ಮುಳುಗಬಹುದಿತ್ತು. ಮುಳುಗಲಿಲ್ಲ. ‘ನನ್ನದೂ ಸ್ವಲ್ಪ ಹೇಳಲಿಕ್ಕಿದೆ’ ಎಂಬ ಸಂಕೇತ ಬಂತು. ಹನ್ನೆರಡು ವರ್ಷದ ಮಾತು ಅದರ ಹೊಟ್ಟೆಯಲ್ಲಿತ್ತು. ಹೇಳಿ ಮುಗಿಸಲು ಎರಡು ಗಂಟೆ ಹಿಡಿಯಿತು.

ಅದು ಭೂಮಿಯ ತುತ್ತತುದಿಯ ಹಿಮಗಡಲಿಗೆ ಹೋಗಿತ್ತು. ಅಲ್ಲಿ ಮೇಲಿನ ನೀರೂ ತಣ್ಣಗೆ, ಕೆಳಗಿನ ನೀರೂ ತಣ್ಣಗೆ. ವ್ಯತ್ಯಾಸವಿಲ್ಲದ ಮೇಲೆ ವಿದ್ಯುತ್ತೆಲ್ಲಿಂದ ಬರಬೇಕು? ಅದು ನಿದ್ದೆ ಹೋಯಿತು. ತಿಂಗಳಿಗೊಮ್ಮೆ ಮಾತ್ರ ಕಣ್ಣು ಬಿಟ್ಟಂತೆ ಎದ್ದು, ನೀರಿನ ಬಿಸಿ, ಉಪ್ಪು ಮತ್ತು ಅರೆನಿಮಿಷದ ಸದ್ದು ಬರೆದುಕೊಂಡು ಮತ್ತೆ ಮಲಗುತ್ತಿತ್ತು. ಹಿಮದಡಿಯ ಕತ್ತಲೆಯಲ್ಲಿ ಯಾರೂ ದೂಡದೆ, ಯಾರೂ ಕರೆಯದೆ, ನೀರಿನ ಜೊತೆ ನಡೆಯಿತು. ಹನ್ನೆರಡು ವರ್ಷವಾದ ಮೇಲೆ ಆ ನೀರೇ ಅದನ್ನು ಬಡಗಣದ ಬೆಚ್ಚನೆಯ ಕಡಲಿಗೆ ತಂದು ಬಿಟ್ಟಿತು. ಮೈ ಬಿಸಿಯಾಗಿ ಎಚ್ಚರವಾಯಿತು. ಎದ್ದು ಮೇಲೆ ಬಂದ ಮೊದಲ ದಿನ ಅದರ ಕಿವಿಗೆ ಬಿದ್ದದ್ದು ಮಹಾಬಲನ ಕೂಗು.

ಆ ಸದ್ದುಗಳನ್ನು ನಾವು ಕೋಣೆಯಲ್ಲಿ ಕೇಳಿದೆವು. ಹಿಮದ ಬಂಡೆಗಳು ಒಂದಕ್ಕೊಂದು ಉಜ್ಜಿ ನರಳುವ ಸದ್ದು. ಎಷ್ಟೋ ಮೈಲಿ ದೂರದಿಂದ ತಿಮಿಂಗಿಲವೊಂದು ಹಾಡುವ ಸದ್ದು, ಅದಕ್ಕೆ ಇನ್ನೆಲ್ಲಿಂದಲೋ ಮತ್ತೊಂದರ ಉತ್ತರ. ಆಮೇಲೆ ಏನೂ ಇಲ್ಲದ ಸದ್ದು, ಆಳದ ಸದ್ದು. ಮೂವತ್ತು ವರ್ಷ ಕಡಲಿನ ಅಂಕಿಗಳ ಜೊತೆ ಬಾಳಿದವಳು ನಾನು. ನಾವು ಇಷ್ಟು ದೊಡ್ಡದರ ಅಂಚಿನಲ್ಲಿ ಮನೆ ಕಟ್ಟಿಕೊಂಡು ಒಲೆ ಹಚ್ಚುತ್ತಿದ್ದೇವೆ ಎಂದು ನನಗೆ ಆವತ್ತೇ ತಿಳಿದದ್ದು. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದು ಕೂತಿದ್ದರು. “ಇಷ್ಟ್ ದೂರ ಹೋಗಿದ್ರಾ” ಎಂದಷ್ಟೇ ಹೇಳಿದರು.

ಮಹಾಬಲ ಮನೆಗೆ ಬಂದದ್ದು ಮರುದಿನ. ಉಂಡು, ಮಲಗಿ, ಎದ್ದ ಮೇಲೆ ಒಂದು ಮಾತು ಹೇಳಿದರು. ಬೋಟಿನ ದೊಡ್ಡ ಯಂತ್ರಗಳೆಲ್ಲ ಕೆಟ್ಟು ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ ಒಂದೇ ಉಳಿದಿತ್ತಂತೆ. ಅದರಲ್ಲಿ ಕೂಗಿದಾಗ ಹತ್ತಿರದ ಯಾವುದಾದರೂ ಬೆಂಡು ಕೇಳಿಸಿಕೊಂಡರೆ ಅದರ ಹೆಸರು ಮೂಡುತ್ತದೆ.

“‘ಕುಪ್ಪಯ್ಯ ಕೇಳಿಸಿಕೊಂಡಿದೆ’ ಅಂತ ಬಂತ್. ನಂಗೆ ತಲೆ ತಿರ್ಗಿತ್. ನಮ್ ಬೆಂಡ್ ಲಕ್ಷದ್ವೀಪದ್ ಹತ್ರ ಇತ್ತಲ್ದಾ? ಹುಡುಗ್ರಿಗ್ ಹೇಳ್ದೆ, ಅಪ್ಪಯ್ಯ ಬಂದಿದ್ದ, ಇನ್ ಹೆದ್ರಬೇಡಿ ಅಂದೇಳಿ. ಮೂರ್ ದಿನ ನೀರ್ ಎತ್ತಿ ಎತ್ತಿ ಚೆಲ್ಲೂಕೆ ಅದೊಂದೇ ಧೈರ್ಯ.”

ಮರೆಮಾಡಿದ್ದ ಆ ಸಾಲುಗಳ ವಿಷಯವನ್ನು ನಾನು ಉಳಿದ ಆರೂ ಮನೆಗಳಿಗೆ ಹೋಗಿ ನನ್ನ ಬಾಯಿಂದಲೇ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಈಗ ನಿರಾಕರಿಸಿದ ಪ್ರತಿ ಹೆಸರನ್ನೂ ಒಬ್ಬ ಮನುಷ್ಯ ಕೂತು ಓದುತ್ತಾನೆ. ಆ ಪಾಳಿಯಲ್ಲಿ ಮೊದಲು ಕೂರುವವಳು ನಾನೇ.

ಹೆಸರು ಕಳೆದುಕೊಂಡ ಹೊಸಬನಿಗೆ ಬೇರೆ ಹೆಸರು ಬೇಕಾಗಿತ್ತು. “ಎಂತ ಇಡುದ್ ಅತ್ತೆ?” ಎಂದು ಕೇಳಿದೆ.

“ಜಲಜ ಅಂದೇಳಿ ಇಡ್. ದಿನಕ್ ನೂರ್ ಸಲ ಕರ್ದ್ ಕರ್ದ್ ನಿಂಗೂ ಒಂಚೂರ್ ಬುದ್ಧಿ ಬರ್ಲಿ” ಎಂದರು. ಹಾಗೇ ಇಟ್ಟೆವು. ಈಗ ಲಕ್ಷದ್ವೀಪದ ಹತ್ತಿರ ನಾನೂ ತೇಲುತ್ತಿದ್ದೇನೆ.

ಹೇಳಿ ಮುಗಿಸಿ ಮುಳುಗಿದ್ದ ಕುಪ್ಪಯ್ಯ ಮತ್ತೆ ಮೇಲೆ ಬರಬೇಕಾದದ್ದು ಹತ್ತು ದಿನಕ್ಕೆ. ಎತ್ತಿ ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಜನರಿಗೆ ತೋರಿಸೋಣ ಎಂದು ಮೇಲಿನ ಕಚೇರಿಯವರು ಹೊರಟಿದ್ದರು. ಅತ್ತೆ ಒಪ್ಪಲಿಲ್ಲ. “ಅವ್ರ್ ಮನಿಯೊಳ್ಗ್ ಕೂಕಂಬ ಜನ ಅಲ್ಲ” ಎಂದರು. ಎಂಟನೆಯ ದಿನ ಬೆಳಿಗ್ಗೆ ಗೆಳೆಯರ ಬೋಟಿನಲ್ಲಿ ಮಹಾಬಲ ಆ ಕಡೆಗೇ ಹೊರಟರು. ನಾವು ಅಳಿವೆಯ ಬಾಯಿಯವರೆಗೆ ಹೋದೆವು.

“ಅತ್ತೆ, ನಾಡಿದ್ದ್ ಮೇಲ್ ಬತ್ರ್. ಆಫೀಸಿಗ್ ಬನ್ನಿ, ಮೈಕಲ್ಲ್ ನೀವೇ ಇನ್ನೊಂದ್ ಸಲ ಕರೀನಿ” ಎಂದು ನಾನು ಕೆಣಕಿದೆ.

“ಬ್ಯಾಡ. ಒಂದ್ ಸಲ ಕರ್ದದ್ದ್ ಸಾಕ್. ಕೇಂಡ್ರ್, ಬಂದ್ರ್” ಎಂದರು.

ಆಮೇಲೆ ಸೆರಗಿನ ಮರೆಯಿಂದ ಬಾಳೆಲೆಯಲ್ಲಿ ಸುತ್ತಿದ ಎರಡು ಬುತ್ತಿ ತೆಗೆದರು. ಕುಚ್ಚಲಕ್ಕಿ ಅನ್ನ, ಒಣ ಸಿಗಡಿ ಚಟ್ನಿ. ಒಂದನ್ನು ಮಗನ ಬಲಗೈಯಲ್ಲಿಟ್ಟು, “ಇದ್ ನಿಂಗೆ” ಎಂದರು. ಇನ್ನೊಂದನ್ನು ಎಡಗೈಯಲ್ಲಿಟ್ಟರು.

“ಇದ್ ಅವ್ರಿಗೆ. ಆವತ್ತ್ ಬಿಟ್ಟ್ ಹೋದದ್ದ್ ಅಂದೇಳಿ ಹೇಳ್.”

ಮಹಾಬಲ ಎರಡನ್ನೂ ಎದೆಗವಚಿಕೊಂಡು ಬೋಟು ಹತ್ತಿದರು.